ಆರೋಗ್ಯ ಪ್ರಶ್ನೋತ್ತರ: ಕರುಳಿನ ಕಿರಿಕಿರಿಗೆ ಸಮ್ಮೋಹನ ಚಿಕಿತ್ಸೆ

ಐಬಿಎಸ್ ಎಂಬ ಕರುಳಿನ ಕಿರಿಕಿರಿಗೆ ಮಾತ್ರೆಯಲ್ಲದೆ ಹಿಪ್ನೋಥೆರಪಿಯೂ, ಅಂದರೆ ಸಮ್ಮೋಹನ ಚಿಕಿತ್ಸೆಯೂ, ಒಂದು ದಾರಿ ಎಂದು ಹಿಂದಿನ ಸಂಚಿಕೆಯಲ್ಲಿ ಒಂದೇ ಸಾಲು ಬರೆದಿದ್ದೆವು. ಮೈಸೂರು, ಮಂಡ್ಯ ಕಡೆಯಿಂದ ಅದಕ್ಕೆ ಪತ್ರದ ಮೇಲೆ ಪತ್ರ. ಈ ಸಲದ ಅಂಕಣವನ್ನು ಪೂರ್ತಿ ಅವುಗಳಿಗೇ ಬಿಟ್ಟಿದ್ದೇವೆ. ಊರು ಉಳಿಸಿಕೊಂಡು ಹೆಸರು ತೆಗೆದಿದ್ದೇವೆ.

ಪ್ರಶ್ನೆ: ನಾನು ಮಂಡ್ಯದಿಂದ ಮೈಸೂರಿಗೆ ದಿನಾ ಬಸ್ಸಿನಲ್ಲಿ ಓಡಾಡುವ ಶಿಕ್ಷಕಿ, ವಯಸ್ಸು 34. ಮನೆ ಬಿಡುವ ಮುಂಚೆ ಮೂರು ಸಲ ಟಾಯ್ಲೆಟ್ಟಿಗೆ ಹೋಗಬೇಕು. ಆದರೂ ಶ್ರೀರಂಗಪಟ್ಟಣ ಬರುವ ಹೊತ್ತಿಗೆ ಹೊಟ್ಟೆ ಮತ್ತೆ ನುಲಿಯುತ್ತದೆ. ರಕ್ತಪರೀಕ್ಷೆ, ಸ್ಕ್ಯಾನಿಂಗ್, ಕೊಲೊನೋಸ್ಕೋಪಿ ಎಲ್ಲ ನಾರ್ಮಲ್. 'ಏನಿಲ್ಲಮ್ಮ, ಟೆನ್ಷನ್ ಬಿಡಿ' ಅಂದರು ಡಾಕ್ಟರು. ಈಗ ಹಿಪ್ನೋಥೆರಪಿ ಮಾಡಿಸಿಕೊಳ್ಳಿ ಅಂದರೆ, ಇದೆಲ್ಲ ನನ್ನ ಮನಸ್ಸಿನ ಭ್ರಮೆ ಅಂತಲೇ ಆಯಿತಲ್ಲವೇ? — ಮಂಡ್ಯ

ಉತ್ತರ: ಹಾಗಲ್ಲ. ನಿಮ್ಮ ಹೊಟ್ಟೆ ನುಲಿಯುವುದೂ ನಿಜ, ಭೇದಿಯೂ ನಿಜ. ಸ್ಕ್ಯಾನಿಂಗು, ದೊಡ್ಡ ಕರುಳಿನೊಳಗೆ ಕ್ಯಾಮೆರಾ ಇಳಿಸಿ ನೋಡುವ ಕೊಲೊನೋಸ್ಕೋಪಿಗಳಿಗೆ ಕರುಳಿನ ರೂಪ ಕಾಣುತ್ತದೆಯೇ ಹೊರತು ನಡತೆ ಕಾಣುವುದಿಲ್ಲ. ಹುಣ್ಣಿಲ್ಲ, ಗಡ್ಡೆಯಿಲ್ಲ, ಊತವಿಲ್ಲ ಎಂಬಷ್ಟೇ 'ನಾರ್ಮಲ್' ಎಂಬುದರ ಅರ್ಥ. ಅದನ್ನು 'ಏನಿಲ್ಲ' ಎಂದು ಅನುವಾದಿಸಿ ಕಳಿಸುವುದು ನಮ್ಮ ಒಪಿಡಿಗಳ ಹಳೆಯ ಕೆಟ್ಟ ರೂಢಿ.

ಐಬಿಎಸ್‌ನಲ್ಲಿ ಕೆಟ್ಟಿರುವುದು ಕರುಳಿಗೂ ಮಿದುಳಿಗೂ ನಡುವಿನ ಮಾತುಕತೆ. ಗುದನಾಳದಲ್ಲಿ ಪುಟ್ಟ ಬಲೂನಿಟ್ಟು ಸ್ವಲ್ಪಸ್ವಲ್ಪವೇ ಗಾಳಿ ತುಂಬುವ ಪರೀಕ್ಷೆಯೊಂದಿದೆ. ಬೇರೆಯವರಿಗೆ ಬರೀ ತುಂಬಿದಂತೆ ಅನ್ನಿಸುವ ಗಾತ್ರಕ್ಕೇ ಐಬಿಎಸ್ ಇರುವ ಹಲವರಿಗೆ ನೋವು ಶುರುವಾಗುತ್ತದೆ. ಗಾಳಿ ಅಷ್ಟೇ, ಸುದ್ದಿ ಮಾತ್ರ ದೊಡ್ಡದು. ಅದನ್ನು ಕೇಳಿ ಮಿದುಳು ಗಾಬರಿಗೊಂಡು ಕೆಳಗೆ ಕಳಿಸುವ ಆಜ್ಞೆಯಿಂದ ಕರುಳು ಇನ್ನಷ್ಟು ಹಿಂಡುತ್ತದೆ. ಇಂಗ್ಲೆಂಡಿನ ಮ್ಯಾಂಚೆಸ್ಟರಿನ ವೈದ್ಯರು 1990ರಲ್ಲಿ ಇದೇ ಬಲೂನಿಟ್ಟು ಅಳೆದು, ಭೇದಿ ಹೆಚ್ಚಿರುವ ರೋಗಿಗಳಲ್ಲಿ ಸಮ್ಮೋಹನದ ನಂತರ ಈ ಅತಿಸೂಕ್ಷ್ಮತೆ ಇಳಿದದ್ದನ್ನು ತೋರಿಸಿದರು. ಸಮ್ಮೋಹನದಲ್ಲಿ ಇರುವಾಗ ದೊಡ್ಡ ಕರುಳಿನ ಚಲನೆ ನಿಧಾನವಾಗುತ್ತದೆ, ಅದೇ ಸ್ಥಿತಿಯಲ್ಲಿ ಸಿಟ್ಟು ಬರಿಸಿದರೆ ಏರುತ್ತದೆ ಎಂಬುದನ್ನು 1992ರಲ್ಲಿ ತೋರಿಸಿದವರೂ ಅವರೇ. ಭ್ರಮೆಯಾಗಿದ್ದರೆ ಇದನ್ನೆಲ್ಲ ಅಳೆಯಲು ಬರುತ್ತಿರಲಿಲ್ಲ.

ಇದರ ಮೊದಲ ಗಟ್ಟಿ ಪ್ರಯೋಗ 1984ರದು. ಮ್ಯಾಂಚೆಸ್ಟರಿನ ಪೀಟರ್ ವೋರ್‌ವೆಲ್ ತಂಡ, ಯಾವ ಔಷಧಿಗೂ ಬಗ್ಗದ 30 ರೋಗಿಗಳಲ್ಲಿ ಅರ್ಧ ಜನಕ್ಕೆ ಅರ್ಧರ್ಧ ಗಂಟೆಯ ಏಳು ಸಮ್ಮೋಹನ, ಉಳಿದವರಿಗೆ ಆಪ್ತಸಮಾಲೋಚನೆ ಮತ್ತು ಔಷಧಿಯಿಲ್ಲದ ಹುಸಿಮಾತ್ರೆ ಕೊಟ್ಟಿತು. ಸಮ್ಮೋಹನದವರು ಎಲ್ಲ ಲೆಕ್ಕದಲ್ಲೂ ಮುಂದೆ ಹೋದರು. ಅದೇ ಕೇಂದ್ರ 2015ರಲ್ಲಿ 1000 ರೋಗಿಗಳ ಲೆಕ್ಕ ಕೊಟ್ಟಾಗ ನೂರಕ್ಕೆ 76 ಜನರಿಗೆ ಗುಣ ಕಂಡಿತ್ತು. ಆದರೆ ಆ 76ನ್ನು ನಂಬಿಕೊಂಡು ಕೂರಬೇಡಿ. ಅದು ಪಳಗಿದ ಕೈಗಳ ಕೇಂದ್ರ, ಹೋಲಿಸಲು ಬೇರೆ ಗುಂಪೂ ಇರಲಿಲ್ಲ. ನೆದರ್ಲೆಂಡ್ಸ್‌ನಲ್ಲಿ 354 ಜನರ ಮೇಲೆ ಬಿಗಿಯಾಗಿ ನಡೆದು 2019ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಮೂರು ತಿಂಗಳ ಕೊನೆಗೆ ಸಮಾಧಾನಕರ ಉಪಶಮನ ಸಿಕ್ಕಿದ್ದು ಒಬ್ಬೊಬ್ಬರಾಗಿ ಸಮ್ಮೋಹನ ಪಡೆದವರಲ್ಲಿ ನೂರಕ್ಕೆ ಸುಮಾರು 41, ಗುಂಪಿನಲ್ಲಿ ಪಡೆದವರಲ್ಲಿ 33, ಬರೀ ತಿಳಿವಳಿಕೆ ಪಾಠ ಕೇಳಿದವರಲ್ಲಿ 17 ಜನಕ್ಕೆ. ನಮ್ಮೂರಲ್ಲಿ ಈ ಎರಡನೆಯ ಲೆಕ್ಕ ಇಟ್ಟುಕೊಳ್ಳುವುದೇ ಮೇಲು.

ನಿಮ್ಮ ಬೆಳಗಿಗೆ ಇನ್ನೊಂದು ಮಾತು. ಎದ್ದ ಮೇಲಿನ ಒಂದೆರಡು ಗಂಟೆ ದೊಡ್ಡ ಕರುಳು ಸಹಜವಾಗಿಯೇ ಚುರುಕು. ಹೊಟ್ಟೆಗೆ ತಿಂಡಿ ಬಿದ್ದ ಕೂಡಲೇ 'ಜಾಗ ಮಾಡು' ಎಂಬ ಸಂದೇಶ ಕೆಳಗೆ ಹೋಗುತ್ತದೆ, ಕಾಫಿಯೂ ಅದೇ ಕೆಲಸ ಮಾಡುತ್ತದೆ. ಮೂರೂ ಒಟ್ಟಿಗೆ ಸೇರುವ ಗಳಿಗೆಯಲ್ಲೇ ನೀವು ಬಸ್ ಸ್ಟ್ಯಾಂಡಿಗೆ ಓಡುತ್ತೀರಿ. ಏಳುವುದನ್ನೂ ತಿಂಡಿಯನ್ನೂ 40 ನಿಮಿಷ ಬೇಗ ಮಾಡಿಕೊಳ್ಳಿ, ಆ ಅಬ್ಬರ ಮನೆಯಲ್ಲೇ ಮುಗಿಯಲಿ. ಇದು ಚಿಕಿತ್ಸೆಯಲ್ಲ, ಆದರೆ ಚಿಕಿತ್ಸೆಯ ಅರ್ಧ ಭಾರ ಇಳಿಸುತ್ತದೆ.

ಪ್ರಶ್ನೆ: ಆ ಕೋಣೆಯೊಳಗೆ ನಿಜವಾಗಿ ಏನು ಮಾಡುತ್ತಾರೆ? ಎಷ್ಟು ಸಲ ಹೋಗಬೇಕು? ಕೈಗಡಿಯಾರ ಅಲ್ಲಾಡಿಸುತ್ತಾರೆಯೇ? — ಮದ್ದೂರು

ಉತ್ತರ: ಗಡಿಯಾರ ಸಿನಿಮಾದ ಸಾಮಾನು. ಇಲ್ಲಿ ಬೇಕಾದ್ದು ಒರಗುವ ಕುರ್ಚಿ, ಸದ್ದಿಲ್ಲದ ಕೋಣೆ ಮತ್ತು ಕನ್ನಡ ಚೆನ್ನಾಗಿ ಬರುವ ಚಿಕಿತ್ಸಕ.

ಮ್ಯಾಂಚೆಸ್ಟರ್ ಪದ್ಧತಿಯಲ್ಲಿ ವಾರಕ್ಕೊಂದರಂತೆ ಹನ್ನೆರಡು ಭೇಟಿಯವರೆಗೆ ನಡೆಯುತ್ತದೆ. ಅಮೆರಿಕದ ನಾರ್ತ್ ಕೆರೊಲಿನಾ ಪದ್ಧತಿಯಲ್ಲಿ ಎರಡು ವಾರಕ್ಕೊಂದರಂತೆ ಏಳು, ಹೇಳಬೇಕಾದ ಮಾತೆಲ್ಲ ಮೊದಲೇ ಅಕ್ಷರಕ್ಷರ ಬರೆದಿಟ್ಟದ್ದು. ಎರಡೂ ಮೂರು ತಿಂಗಳಲ್ಲಿ ಮುಗಿಯುತ್ತವೆ, ಎರಡರಲ್ಲೂ ಮನೆಯ ಅಭ್ಯಾಸ ಕಡ್ಡಾಯ. 'ಒಂದೇ ಸಿಟ್ಟಿಂಗಿನಲ್ಲಿ ವಾಸಿ' ಎಂದು ಫ್ಲೆಕ್ಸ್ ಹಾಕಿದವರು ಈ ಎರಡು ಪದ್ಧತಿಯವರಲ್ಲ ಎಂದು ತಿಳಿಯಿರಿ.

ಮೊದಲ ಭೇಟಿಯಲ್ಲಿ ಸಮ್ಮೋಹನ ಇಲ್ಲದೆಯೂ ಇರಬಹುದು. ನಿಮ್ಮ ವರದಿಗಳನ್ನು ನೋಡಬೇಕು, ಕರುಳಿನ ಚಿತ್ರ ಬರೆದು ನಡೆಯುವುದೇನು ಎಂದು ವಿವರಿಸಬೇಕು, ಅಳತೆ ತೆಗೆಯಬೇಕು. ಅಳತೆಗೆ ಐದು ಪ್ರಶ್ನೆಗಳ ಒಂದು ಪಟ್ಟಿ ಇದೆ: ನೋವಿನ ತೀವ್ರತೆ, ಹತ್ತು ದಿನದಲ್ಲಿ ಎಷ್ಟು ದಿನ ನೋವು, ಹೊಟ್ಟೆ ಉಬ್ಬರ, ಮಲವಿಸರ್ಜನೆಯ ಬಗ್ಗೆ ಅಸಮಾಧಾನ, ಬದುಕಿಗೆ ಅಡ್ಡಿ. ಒಂದೊಂದಕ್ಕೆ 100, ಒಟ್ಟು 500. 175ರೊಳಗೆ ಸೌಮ್ಯ, 300ರವರೆಗೆ ಮಧ್ಯಮ, ಅದರಾಚೆ ತೀವ್ರ. ಮೂರು ತಿಂಗಳಲ್ಲಿ 50 ಅಂಕ ಇಳಿದರೆ ಚಿಕಿತ್ಸೆ ಹಿಡಿದಿದೆ ಎಂದು ಲೆಕ್ಕ. ಅಳತೆಯನ್ನೇ ತೆಗೆಯದವರಿಗೆ ಗುಣವಾಗಿದೆಯೋ ಇಲ್ಲವೋ ತಿಳಿಯುವುದು ಹೇಗೆ?

ಎರಡನೆಯ ಭೇಟಿಯಿಂದ ಕೆಲಸ ಶುರು. ಒಂದು ಬಿಂದುವನ್ನು ದಿಟ್ಟಿಸಿ ನೋಡುವುದು, ರೆಪ್ಪೆ ಭಾರವಾದಾಗ ಕಣ್ಣು ಮುಚ್ಚುವುದು, ಉಸಿರು ಬಿಡುವಾಗ ಹೆಗಲು ಇಳಿಸುವುದು, ಕಾಲ್ಬೆರಳಿಂದ ದವಡೆವರೆಗೆ ಒಂದೊಂದೇ ಸ್ನಾಯುವನ್ನು ಸಡಿಲ ಬಿಡುವುದು. ಆಮೇಲೆ ಇನ್ನೂ ಆಳಕ್ಕೆ ಕರೆದೊಯ್ಯಲು ಮೆಟ್ಟಿಲು ಎಣಿಸುತ್ತಾರೆ. ಮೈಸೂರಿನವರಾದರೆ ಚಾಮುಂಡಿ ಬೆಟ್ಟದ ನಂದಿಯ ಮುಂದಿನಿಂದ ಕೆಳಗಿನ ಇಪ್ಪತ್ತು ಮೆಟ್ಟಿಲು ಸಾಕು. ಇಳಿಸುವುದು ಮುಖ್ಯ, ಹತ್ತಿಸಿದರೆ ಏದುಸಿರು ನೆನಪಾಗುತ್ತದೆ! ಕೊನೆಗೆ ನಿಮಗೆ ನೆಮ್ಮದಿ ಎನ್ನಿಸುವ ಒಂದು ಜಾಗ. ಅದು ಕುಕ್ಕರಹಳ್ಳಿ ಕೆರೆಯ ಏರಿಯೋ, ಅಜ್ಜಿ ಮನೆಯ ಜಗುಲಿಯೋ, ನೀವೇ ಆರಿಸಬೇಕು.

ಮೂರನೆಯದರಿಂದ ಹೊಟ್ಟೆಯ ಸರದಿ. ಬರೀ 'ರಿಲ್ಯಾಕ್ಸ್ ಆಗಿ' ಎನ್ನುವ ಚಿಕಿತ್ಸೆಗೂ ಇದಕ್ಕೂ ಇರುವ ವ್ಯತ್ಯಾಸವೇ ಇಲ್ಲಿದೆ: ಸೂಚನೆಗಳು ಕರುಳಿಗೇ ಗುರಿಯಿಟ್ಟವು. ಅಂಗೈಯನ್ನು ಹೊಕ್ಕುಳ ಕೆಳಗೆ ಇಟ್ಟುಕೊಂಡು, ಅದರ ಬಿಸುಪು ಬಟ್ಟೆ ದಾಟಿ, ಚರ್ಮ ದಾಟಿ, ಒಳಗಿನ ಬಿಗಿದ ಸ್ನಾಯುವಿಗೆ ಇಳಿಯುವುದನ್ನು ಗಮನಿಸುವುದು ಮೊದಲ ಪಾಠ. ಎರಡನೆಯದು ಹರಿವು. ಮ್ಯಾಂಚೆಸ್ಟರಿನವರು ನದಿಯ ಚಿತ್ರ ಬಳಸುತ್ತಾರೆ. ಮಂಡ್ಯ ಸೀಮೆಗೆ ನಾಲೆಗಿಂತ ಒಳ್ಳೆಯ ಚಿತ್ರ ಸಿಗದು. ಕಟ್ಟೆಯಿಂದ ನಾಲೆ, ನಾಲೆಯಿಂದ ತೂಬು, ತೂಬಿನಿಂದ ಗದ್ದೆ. ತೂಬಿನ ಹಲಗೆ ಹಿಡಿದು ನಿಂತ ನೀರುಗಂಟಿ ನೀವೇ. ಭೇದಿಯವರು ಹಲಗೆಯನ್ನು ಬೇಕಾದಷ್ಟು ಇಳಿಸಿ ನೀರನ್ನು ಮಂದಗತಿಗೆ ತರುತ್ತಾರೆ, ಮಲಬದ್ಧತೆಯವರು ಮೆಲ್ಲಗೆ ಎತ್ತಿ ಕಸಕಡ್ಡಿ ಸರಿದು ಹರಿಯಲು ಬಿಡುತ್ತಾರೆ. ಎರಡೂ ಬದಲಾಡುವವರಿಗೆ 'ಅಳತೆಯ ನೀರು' ಎಂಬ ಸೂಚನೆ. ಭೇದಿಯವರಿಗೆ ತೂಬು ಎತ್ತುವ ಚಿತ್ರ ಕೊಟ್ಟರೆ ಏನಾದೀತೆಂದು ಹೇಳಬೇಕಿಲ್ಲ. ಆದ್ದರಿಂದಲೇ ಎಲ್ಲರಿಗೂ ಒಂದೇ ಆಡಿಯೊ ಕೊಡುವವರನ್ನು ಅನುಮಾನಿಸಬೇಕು.

ಒಂದು ಎಚ್ಚರಿಕೆ ಇಲ್ಲೇ ಹೇಳಿಬಿಡಬೇಕು. ವಿ.ಸಿ. (ವಿಶ್ವೇಶ್ವರಯ್ಯ) ನಾಲೆಗೆ 2018ರ ನವೆಂಬರಿನಲ್ಲಿ ಪಾಂಡವಪುರ ತಾಲ್ಲೂಕಿನಲ್ಲಿ ಬಸ್ಸು ಉರುಳಿ 30 ಜನ ತೀರಿಕೊಂಡರು. ಆ ಸುತ್ತಿನ ಊರುಗಳವರಿಗೆ ನಾಲೆಯೆಂದರೆ ಬರೀ ನೀರಲ್ಲ. ಚಿತ್ರ ಬಳಸುವ ಮುನ್ನ 'ನಾಲೆ ನೆನೆದರೆ ಹೇಗನ್ನಿಸುತ್ತದೆ' ಎಂದು ಕೇಳದ ಚಿಕಿತ್ಸಕ ಅವಸರದವನು. ನಿಮಗೆ ಒಗ್ಗದಿದ್ದರೆ ಹಾಗೆಂದು ಹೇಳಿ. ಗಾಣದಿಂದ ಕೊಪ್ಪರಿಗೆಗೆ ನಿಧಾನವಾಗಿ ಹರಿಯುವ ಕಬ್ಬಿನ ಹಾಲೂ ಆದೀತು.

ಐದಾರನೆಯ ಭೇಟಿಯ ಹೊತ್ತಿಗೆ ನಿಮ್ಮದೇ ಕಷ್ಟದ ಸನ್ನಿವೇಶಗಳು ಒಳಗೆ ಬರುತ್ತವೆ: ಬಸ್ಸು ಹತ್ತುವುದು, ಮದುವೆ ಊಟ, ಮೀಟಿಂಗು. ಸಮ್ಮೋಹನದಲ್ಲಿದ್ದುಕೊಂಡೇ ಆ ದೃಶ್ಯವನ್ನು ಶಾಂತ ಹೊಟ್ಟೆಯೊಂದಿಗೆ ದಾಟುವ ತಾಲೀಮು. ಜತೆಗೆ ಹೆಬ್ಬೆರಳು, ತೋರುಬೆರಳು ಸೇರಿಸಿ ಒತ್ತುವಂಥ ಒಂದು ಗುರುತು ಕಲಿಸುತ್ತಾರೆ. ಬಸ್ಸಿನಲ್ಲಿ ಕಣ್ಣು ಮುಚ್ಚದೆಯೂ ಒಂದು ನಿಮಿಷದಲ್ಲಿ ಆ ಸ್ಥಿತಿಯ ಅಂಚಿಗೆ ಬರಲು ಇದು. ಕೊನೆಯ ಭೇಟಿಗಳಲ್ಲಿ ಆಡಿಯೊ ಇಲ್ಲದೆ ನೀವೇ ಮಾಡಿಕೊಳ್ಳುವುದನ್ನು ನೋಡಿ ತಿದ್ದುತ್ತಾರೆ. ಪ್ರತಿ ಸಲವೂ ಒಂದರಿಂದ ಐದು ಎಣಿಸಿ, ಕೈಕಾಲು ಆಡಿಸಿ, ಪೂರ್ತಿ ಎಚ್ಚರಕ್ಕೆ ತಂದ ಮೇಲೆಯೇ ಏಳಿಸಬೇಕು. ಎದ್ದ ಕೂಡಲೇ ಸ್ಕೂಟರ್ ಹತ್ತದೆ ಹತ್ತು ನಿಮಿಷ ಕೂತು ಹೋಗಿ.

ಪ್ರಶ್ನೆ: ಇದು ವಶೀಕರಣವೇ? ಗುಟ್ಟೆಲ್ಲ ಬಾಯಿಬಿಟ್ಟರೆ? ಎಚ್ಚರವೇ ಆಗದಿದ್ದರೆ? — ನಂಜನಗೂಡು

ಉತ್ತರ: ಮೂರಕ್ಕೂ ಇಲ್ಲ. ಮಾತು ಪೂರ್ತಿ ಕೇಳಿಸುತ್ತಿರುತ್ತದೆ, ಮೂಗು ತುರಿಸಿದರೆ ಕೆರೆದುಕೊಳ್ಳುತ್ತೀರಿ, ಬೇಡವೆನ್ನಿಸಿದರೆ ಎದ್ದು ಹೋಗಬಹುದು. ಚಿಕಿತ್ಸಕರಿಗೆ ನಡುವೆ ಫೋನ್ ಬಂದು ಹೊರಗೆ ಹೋದರೂ ಸ್ವಲ್ಪ ಹೊತ್ತಿಗೆ ನೀವೇ ಕಣ್ಣು ಬಿಡುತ್ತೀರಿ, ಇಲ್ಲವೇ ಒಂದು ಸಣ್ಣ ನಿದ್ದೆ ತೆಗೆದು ಏಳುತ್ತೀರಿ. ಒಳ್ಳೆಯ ಕಥೆ ಓದುವಾಗ ಒಲೆಯ ಮೇಲಿನ ಹಾಲು ಉಕ್ಕಿದ್ದು ಗೊತ್ತಾಗದಂಥ ತಲ್ಲೀನತೆ ಅದು. 'ಹಿಪ್ನಾಟಿಸಂ' ಪದವನ್ನು 1840ರ ದಶಕದಲ್ಲಿ ಬಳಕೆಗೆ ತಂದ ಜೇಮ್ಸ್ ಬ್ರೇಡ್ ಒಬ್ಬ ಶಸ್ತ್ರವೈದ್ಯ, ಮಾಂತ್ರಿಕನಲ್ಲ. ಅದೇ ದಶಕದಲ್ಲಿ ಬಂಗಾಳದ ಹೂಗ್ಲಿಯಲ್ಲಿ ಜೇಮ್ಸ್ ಎಸ್ಡೇಲ್ ಎಂಬ ವೈದ್ಯ, ಕ್ಲೋರೋಫಾರ್ಮ್ ಬರುವ ಮುಂಚೆ, ಇದರ ಹಿಂದಿನ ರೂಪವಾದ ಮೆಸ್ಮೆರಿಸಂ ಬಳಸಿ ಶಸ್ತ್ರಚಿಕಿತ್ಸೆಗಳನ್ನೇ ಮಾಡಿದ್ದ.

ಪ್ರಶ್ನೆ: ನಮ್ಮ ಯಜಮಾನ್ರಿಗೆ 52 ವರ್ಷ, ಬೇಸಾಯ. ನಾಕು ತಿಂಗಳಿಂದ ಭೇದಿ. ರಾತ್ರಿ ನಿದ್ದೇಲೂ ಎದ್ದು ಹೋಗ್ತಾರೆ. ಆರು ಕೆ.ಜಿ. ಇಳಿದವ್ರೆ. ಸಾಲದ ಯೋಚನೆಗೆ ಹಿಂಗಾಗಿರೋದು, ಹಿಪ್ನಾಟಿಸಂ ಮಾಡ್ಸಿ ಅಂತ ನೆಂಟರು ಹೇಳ್ತಾವ್ರೆ. ಎಲ್ಲಿಗೆ ಕರ್ಕಂಡೋಗ್ಬೇಕು? — ಕೆ.ಆರ್. ಪೇಟೆ

ಉತ್ತರ: ಅಮ್ಮ, ಹಿಪ್ನಾಟಿಸಂ ಮಾತು ಈಗ ಬೇಡ. ಈ ವಾರವೇ ಅವರನ್ನು ಹೊಟ್ಟೆಯ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ನೀವು ಬರೆದದ್ದರಲ್ಲಿ ಮೂರು ಅಪಾಯದ ಗುರುತುಗಳಿವೆ: ಐವತ್ತು ದಾಟಿದ ಮೇಲೆ ಹೊಸದಾಗಿ ಶುರುವಾದದ್ದು, ನಿದ್ದೆಯಿಂದ ಎಬ್ಬಿಸುವ ಭೇದಿ, ತಾನಾಗಿ ಇಳಿದ ತೂಕ. ಐಬಿಎಸ್ ಸಾಮಾನ್ಯವಾಗಿ ನಿದ್ದೆಯಲ್ಲಿರುವವರನ್ನು ಎಬ್ಬಿಸುವುದಿಲ್ಲ. ಮಲದಲ್ಲಿ ರಕ್ತ, ಬಿಡದ ಜ್ವರ, ರಕ್ತಹೀನತೆ, ಮನೆತನದಲ್ಲಿ ಕರುಳಿನ ಕ್ಯಾನ್ಸರ್, ಹೊಟ್ಟೆಯಲ್ಲಿ ಕೈಗೆ ಸಿಗುವ ಗಡ್ಡೆ, ಇವೂ ಅದೇ ಪಟ್ಟಿಯವು. ಕ್ಯಾನ್ಸರೇ ಎಂದು ಹೆದರಬೇಡಿ. ಕರುಳಿನ ಟಿಬಿ, ಥೈರಾಯ್ಡ್, ಕರುಳಿನ ಊತದ ಕಾಯಿಲೆಗಳೂ ಹೀಗೇ ಕಾಣುತ್ತವೆ, ಔಷಧಿಗೆ ಬಗ್ಗುತ್ತವೆ. ಕೊಲೊನೋಸ್ಕೋಪಿ ಬೇಕಾಗಬಹುದು. ಮಂಡ್ಯದ ಮಿಮ್ಸ್ ಅಥವಾ ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲಿ ತೋರಿಸಿ, ಹಳೆಯ ಚೀಟಿಗಳೆಲ್ಲ ಜತೆಗಿರಲಿ.

ಉಳಿದ ಓದುಗರಿಗೂ ಇದೇ ಮಾತು. ಸಮ್ಮೋಹನ ನೋವನ್ನು ತಗ್ಗಿಸುತ್ತದೆ; ತಪ್ಪು ರೋಗಿಯಲ್ಲಿ ಅದೇ ಅಪಾಯ, ಕಾಯಿಲೆ ಒಳಗೇ ಬೆಳೆಯುತ್ತಿರುತ್ತದೆ. ಐಬಿಎಸ್ ಎನ್ನಲು ಕಳೆದ ಮೂರು ತಿಂಗಳಲ್ಲಿ ವಾರಕ್ಕೆ ಒಂದು ದಿನವಾದರೂ ಹೊಟ್ಟೆನೋವು ಇರಬೇಕು. ಅದು ಮಲವಿಸರ್ಜನೆಗೆ, ಎಷ್ಟು ಸಲ ಹೋಗುತ್ತೇವೆ ಎಂಬುದರ ಬದಲಾವಣೆಗೆ, ಮಲದ ರೂಪದ ಬದಲಾವಣೆಗೆ, ಈ ಮೂರರಲ್ಲಿ ಎರಡಕ್ಕಾದರೂ ತಳುಕು ಹಾಕಿಕೊಂಡಿರಬೇಕು, ಶುರುವಾಗಿ ಆರು ತಿಂಗಳಾಗಿರಬೇಕು. ಭೇದಿ ಇರುವವರು ರಕ್ತದ ಸಾಮಾನ್ಯ ಪರೀಕ್ಷೆ, ಮೈಯಲ್ಲಿ ಉರಿಯೂತವಿದೆಯೇ ಎಂದು ತೋರಿಸುವ ಸಿಆರ್‌ಪಿ, ಥೈರಾಯ್ಡ್, ಕರುಳಿನ ಊತವನ್ನು ತೋರಿಸುವ ಮಲದ ಕ್ಯಾಲ್‌ಪ್ರೊಟೆಕ್ಟಿನ್, ಗೋಧಿ ಅಲರ್ಜಿಯೆಂದು ಜನ ಕರೆಯುವ ಸೀಲಿಯಾಕ್ ಕಾಯಿಲೆಯ ಪರೀಕ್ಷೆ ಇವುಗಳ ಬಗ್ಗೆ ಡಾಕ್ಟರನ್ನು ಕೇಳಿ. ಈ ಕೊನೆಯದಕ್ಕೆ ಮುಂಚೆ ಚಪಾತಿ ಬಿಡಬೇಡಿ. ಗೋಧಿ ಬಿಟ್ಟು ತಿಂಗಳುಗಟ್ಟಲೆ ಆಗಿದ್ದರೆ ಕಾಯಿಲೆ ಇದ್ದರೂ ವರದಿ ನಾರ್ಮಲ್ ಬರಬಹುದು.

ಪ್ರಶ್ನೆ: ಮಲಬದ್ಧತೆ ಹೆಚ್ಚಿರುವ ಐಬಿಎಸ್. ಐದು ಸೆಷನ್ ಆಯಿತು, ಏನೂ ಗುಣವಿಲ್ಲ. ಆಡಿಯೊ ಹಾಕಿಕೊಂಡರೆ ನಿದ್ದೆ ಬಂದುಬಿಡುತ್ತದೆ. ನನಗೆ ಹಿಪ್ನಾಸಿಸ್ ಹತ್ತುವುದಿಲ್ಲವೇನೋ? — ಕುವೆಂಪುನಗರ, ಮೈಸೂರು

ಉತ್ತರ: ಕೆಲವರಿಗೆ ಹತ್ತುವುದಿಲ್ಲ, ನಿಜ. ಮ್ಯಾಂಚೆಸ್ಟರಿನಲ್ಲೇ ನಾಲ್ಕರಲ್ಲಿ ಒಬ್ಬರು ಬರಿಗೈಲಿ ಹಿಂದಿರುಗಿದ್ದಾರೆ. ಆದರೆ ಐದಕ್ಕೇ ತೀರ್ಮಾನಿಸುವುದು ಬೇಗವಾಯಿತು. ಮೊದಲ ಮೂರು ನಾಲ್ಕು ವಾರ ನಿದ್ದೆ, ಮನಸ್ಸು ಸುಧಾರಿಸಿ ಹೊಟ್ಟೆ ಹಾಗೇ ಇರುವುದು ಸಾಮಾನ್ಯ. ಹೊಟ್ಟೆ ನಿಧಾನದ ವಿದ್ಯಾರ್ಥಿ.

ಮೊದಲು ನೋಡಬೇಕಾದ್ದು ನೀವು ಅಭ್ಯಾಸ ಮಾಡುವ ಹೊತ್ತು. ರಾತ್ರಿ ಊಟ ಮುಗಿಸಿ, ದೀಪ ಆರಿಸಿ, ಮಲಗಿಕೊಂಡು ಕೇಳುತ್ತೀರಿ ಎಂದು ಊಹಿಸುತ್ತೇವೆ. ನಿದ್ದೆಗೆ ಅದು ಒಳ್ಳೆಯದು, ಹೊಟ್ಟೆಗೆ ಅಲ್ಲ. ನಿದ್ದೆಹೋದವರಿಗೆ ಸೂಚನೆ ತಲುಪುವುದಿಲ್ಲ. ಸಂಜೆ ಐದೂವರೆ-ಆರರ ನಡುವೆ, ಹೊಟ್ಟೆ ಅರ್ಧ ಖಾಲಿ ಇರುವಾಗ, ಗೋಡೆಗೆ ತಲೆ ಒರಗಿಸದೆ ಕುರ್ಚಿಯಲ್ಲಿ ಕೂತು ಕೇಳಿ. ಫೋನ್ ಏರೋಪ್ಲೇನ್ ಮೋಡಿನಲ್ಲಿರಲಿ, ಆಡಿಯೊ ನಡುವೆ ರಿಂಗಾದರೆ ಹದಿನೈದು ನಿಮಿಷದ ಕೆಲಸ ಹಾಳು. ದಿನಕ್ಕೊಂದು ಸಲ, 20 ನಿಮಿಷ. ವಾರಕ್ಕೆ ಒಂದು ದಿನ ತಪ್ಪಿದರೆ ತಪ್ಪಲಿ, ನಾಲ್ಕು ದಿನ ತಪ್ಪುವವರು ಚಿಕಿತ್ಸಕರನ್ನು ದೂರಬೇಡಿ.

ಎರಡನೆಯ ತಪ್ಪು, ಪ್ರಯತ್ನ. 'ಬಿಸಿ ಬಂತಾ, ಇನ್ನೂ ಬರಲಿಲ್ಲ' ಎಂದು ಹೊಟ್ಟೆಯನ್ನು ಕಾವಲು ಕಾಯುತ್ತ ಕೂತರೆ ಬರುವುದಿಲ್ಲ. ಅಂಗೈಗಳನ್ನು ಅರ್ಧ ನಿಮಿಷ ಉಜ್ಜಿ, ನಿಜವಾಗಿ ಬಿಸಿ ಮಾಡಿಕೊಂಡೇ ಹೊಟ್ಟೆಯ ಮೇಲಿಡಿ. ಆಗ ಮನಸ್ಸು ಬಿಸಿಯನ್ನು ಹುಟ್ಟಿಸಬೇಕಿಲ್ಲ, ಹಿಂಬಾಲಿಸಿದರೆ ಸಾಕು. ಮೂರನೆಯದು, ಮನಸ್ಸಿಗೆ ಚಿತ್ರವೇ ಮೂಡದ ಜನರೂ ಇದ್ದಾರೆ. ಅವರಿಗೆ ನಾಲೆ, ಮೆಟ್ಟಿಲು ಕೊಟ್ಟು ಪೀಡಿಸಬಾರದು. ಸ್ಪರ್ಶ, ಶಬ್ದ, ಎಣಿಕೆಯಿಂದಲೂ ಇದೇ ಕೆಲಸ ಆಗುತ್ತದೆ. ನೀವು ಅಂಥವರೇ ಎಂದು ಚಿಕಿತ್ಸಕರಿಗೆ ಹೇಳಿ.

ನಿಮ್ಮ ವಿಷಯದಲ್ಲಿ ಇನ್ನೊಂದು ಸಾಧ್ಯತೆ. ಕೂತರೆ ತಳ್ಳಲು ಆಗದೆ, ಬೆರಳು ಬಳಸಬೇಕಾಗಿ ಬರುವ, ಪೂರ್ತಿ ಹೋಗಿಲ್ಲ ಎಂದೇ ಅನ್ನಿಸುವ ಮಲಬದ್ಧತೆಯಾದರೆ, ತಳಭಾಗದ ಸ್ನಾಯುಗಳು ಸಡಿಲವಾಗಬೇಕಾದಾಗ ಬಿಗಿಯುವ ತೊಂದರೆ ಇರಬಹುದು. ಅದಕ್ಕೆ ಬಯೋಫೀಡ್‌ಬ್ಯಾಕ್ ಎಂಬ ಬೇರೆಯೇ ತರಬೇತಿ ಇದೆ, ಸಮ್ಮೋಹನವಲ್ಲ. ಜೀರ್ಣಾಂಗ ತಜ್ಞರಿಗೆ ಈ ಲಕ್ಷಣವನ್ನು ನಾಚಿಕೆ ಬಿಟ್ಟು ಹೇಳಬೇಕು.

ಒಂದು ನೋಟ್‌ಬುಕ್ ಇಡಿ. ರಾತ್ರಿ ಮೂರೇ ಅಂಕಿ: ನೋವು ಸೊನ್ನೆಯಿಂದ ಹತ್ತು, ಉಬ್ಬರ ಸೊನ್ನೆಯಿಂದ ಹತ್ತು, ಮಲದ ರೂಪ ಒಂದರಿಂದ ಏಳು. ಬ್ರಿಸ್ಟಲ್ ಪಟ್ಟಿ ಎಂಬ ಆ ಏಳರಲ್ಲಿ ಒಂದು ಎಂದರೆ ಮೇಕೆ ಹಿಕ್ಕೆ, ನಾಲ್ಕು ಎಂದರೆ ಮೆದುವಾದ ಬಾಳೆಹಣ್ಣು, ಏಳು ಬರೀ ನೀರು. ದಿನದ ಅಂಕಿ ನೋಡಿ ಬೇಸರಪಡಬೇಡಿ, ವಾರದ ಸರಾಸರಿ ನೋಡಿ. ಹನ್ನೆರಡು ವಾರದ ಕೊನೆಗೂ ಗೆರೆ ಇಳಿಯದಿದ್ದರೆ ನಿಲ್ಲಿಸಿ ಬೇರೆ ದಾರಿ ಹಿಡಿಯುವುದೇ ಸರಿ.

ಪ್ರಶ್ನೆ: ಒಂದು ಸೆಂಟರಿನಲ್ಲಿ ಹೊಟ್ಟೆನೋವಿಗೆಂದು ಹೋದರೆ 'ಹಿಂದಿನ ಜನ್ಮದಲ್ಲಿ ವಿಷ ಕುಡಿದಿದ್ದೀರಿ' ಅಂದರು, ಹತ್ತು ಸಿಟ್ಟಿಂಗಿನ ಪ್ಯಾಕೇಜ್ ಹಣ ಮುಂಗಡ ಕೇಳಿದರು. ಸರಿಯಾದವರನ್ನು ಗುರುತಿಸುವುದು ಹೇಗೆ? — ಮೈಸೂರು

ಉತ್ತರ: ಹಣ ಕೊಡದೆ ಬಂದಿದ್ದರೆ ಒಳ್ಳೆಯದಾಯಿತು. ಕರುಳಿಗೆ ಗುರಿಯಿಟ್ಟ ಸಮ್ಮೋಹನದಲ್ಲಿ ಹಿಂದಿನ ಜನ್ಮವಿರಲಿ, ಬಾಲ್ಯವನ್ನು ಕೆದಕುವುದೂ ಇಲ್ಲ. ಆ ಸ್ಥಿತಿಯಲ್ಲಿ ಒತ್ತಾಯಿಸಿ ಕೇಳಿದರೆ ನಡೆಯದ ಘಟನೆಯೂ ನೆನಪಿನಂತೆ ಕೂತುಬಿಡುತ್ತದೆ, ಆಮೇಲೆ ತೆಗೆಯುವುದು ಕಷ್ಟ.

ಶನಿವಾರ-ಭಾನುವಾರದ ಕೋರ್ಸು ಮುಗಿಸಿ ಗೋಡೆಗೆ ಸರ್ಟಿಫಿಕೇಟ್ ತೂಗುಹಾಕಿದವರು ಬಹಳ. ಹಿಪ್ನೋಥೆರಪಿ ಎಂಬುದು ಅರ್ಹತೆಯಲ್ಲ, ಅರ್ಹತೆ ಇದ್ದವರು ಬಳಸುವ ಒಂದು ವಿಧಾನ. ಆದ್ದರಿಂದ ಮೊದಲು ಕೇಳಬೇಕಾದ್ದು ಮೂಲ ವೃತ್ತಿ. ಮನೋವೈದ್ಯರಾದರೆ ಮೆಡಿಕಲ್ ಕೌನ್ಸಿಲ್ ನೋಂದಣಿ, ಕ್ಲಿನಿಕಲ್ ಸೈಕಾಲಜಿಸ್ಟ್ ಆದರೆ ಆರ್‌ಸಿಐ ಎಂದು ಕರೆಯುವ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಸಂಖ್ಯೆ. ಕೇಳಿದರೆ ಮುಖ ಕೆಂಪಾಗುವವರಿಂದ ಎದ್ದು ಬನ್ನಿ. ಆಮೇಲೆ ಕೇಳಿ: ಐಬಿಎಸ್‌ಗೆ ಯಾವ ಪದ್ಧತಿ ಅನುಸರಿಸುತ್ತೀರಿ, ಒಟ್ಟು ಎಷ್ಟು ಭೇಟಿ, ಮನೆಗೆ ಆಡಿಯೊ ಕೊಡುತ್ತೀರಾ, ನನ್ನ ಹೊಟ್ಟೆ ಡಾಕ್ಟರ ಚೀಟಿ ನೋಡುತ್ತೀರಾ? ಕೊನೆಯ ಪ್ರಶ್ನೆಗೆ 'ಬೇಡ' ಎಂದವರು ನಿಮಗೆ ಬೇಡ. ಹಣ ಭೇಟಿ ಭೇಟಿಗೆ ಕೊಡಿ.

ಇಂಥವರು ಮೈಸೂರಲ್ಲೇ ಕಡಿಮೆ, ಮಂಡ್ಯದಲ್ಲಿ ಇನ್ನೂ ಕಡಿಮೆ. ಮೆಡಿಕಲ್ ಕಾಲೇಜು ಆಸ್ಪತ್ರೆಗಳ ಮನೋವೈದ್ಯ ವಿಭಾಗದಲ್ಲಿ ವಿಚಾರಿಸಿ. ಅಲ್ಲೇ ಈ ಚಿಕಿತ್ಸೆ ಸಿಗುತ್ತದೆಂದಲ್ಲ, ಅರ್ಹರ ವಿಳಾಸ ಅಲ್ಲಿನವರಿಗೆ ಗೊತ್ತಿರುತ್ತದೆ. ವಿಡಿಯೊ ಕರೆಯಲ್ಲೂ ಮಾಡಬಹುದು, ಮ್ಯಾಂಚೆಸ್ಟರಿನವರು ಮಾಡಿ ನೋಡಿದಾಗ ಫಲ ಮುಖಾಮುಖಿಗಿಂತ ಸ್ವಲ್ಪವೇ ಕಡಿಮೆ ಬಂತು. ಹಾಗಾಗಿ ಬೆಂಗಳೂರಿನಲ್ಲಿರುವ ಕನ್ನಡದ ಚಿಕಿತ್ಸಕರೂ ಆದಾರು. ಫೋನಿನ ಇಂಗ್ಲಿಷ್ ಆ್ಯಪ್‌ಗಳೂ ಇವೆ, ಅಮೆರಿಕದಲ್ಲಿ ಒಂದಕ್ಕೆ 2021ರಲ್ಲಿ ಸರ್ಕಾರಿ ಅನುಮತಿಯೂ ಸಿಕ್ಕಿದೆ. ಆದರೆ ಕಣ್ಣು ಮುಚ್ಚಿ ಕೂತಾಗ ಒಂದೊಂದು ವಾಕ್ಯವನ್ನೂ ತಲೆಯೊಳಗೆ ಕನ್ನಡಕ್ಕೆ ತಿರುಗಿಸಿಕೊಳ್ಳಬೇಕಾದವರು ಅವುಗಳಿಗೆ ದುಡ್ಡು ಸುರಿಯಬಾರದು.

ಸ್ಕಿಜೋಫ್ರೇನಿಯಾದಂಥ ಕಾಯಿಲೆ, ತೀವ್ರ ಖಿನ್ನತೆ, ಮೂರ್ಛೆರೋಗ ಇರುವವರು ಮನೋವೈದ್ಯರ ಒಪ್ಪಿಗೆ ಇಲ್ಲದೆ ಎಲ್ಲೂ ಮಾಡಿಸಿಕೊಳ್ಳಬೇಡಿ.

ಪ್ರಶ್ನೆ: ಸಮ್ಮೋಹನವೂ ಬೇಡ ಏನೂ ಬೇಡ, ಪಥ್ಯ ಮಾಡಿದರೆ ಸಾಲದೇ? ಮುದ್ದೆ ಬಿಡಬೇಕೆ? ಕಾಫಿ ಬಿಡಲಾರೆ. — ಪಾಂಡವಪುರ

ಉತ್ತರ: ಸಾಲಬಹುದು. ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯದವರು 2016ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 74 ಜನರನ್ನು ಪಥ್ಯ, ಸಮ್ಮೋಹನ, ಎರಡೂ ಎಂದು ಮೂರು ಗುಂಪು ಮಾಡಿ ಆರು ವಾರ ನೋಡಿದರು. ಮೂರರಲ್ಲೂ ಹತ್ತಕ್ಕೆ ಏಳು ಜನರಿಗೆ ಗುಣ. ಎರಡನ್ನೂ ಒಟ್ಟಿಗೆ ಮಾಡಿದವರಿಗೆ ಹೆಚ್ಚಿನ ಲಾಭವೇನೂ ಆಗಲಿಲ್ಲ. ಹಾಗಾಗಿ ಒಂದನ್ನು ಆರಿಸಿಕೊಂಡು ನೆಟ್ಟಗೆ ಮಾಡಿ. ಪಥ್ಯ ಮಾಡಿ ಮಾಡಿ ಈಗಾಗಲೇ ಬರೀ ಅನ್ನ-ಮಜ್ಜಿಗೆಗೆ ಇಳಿದಿರುವ, ತೂಕ ಕಳೆದುಕೊಂಡಿರುವ ಜನರಿಗೆ ಸಮ್ಮೋಹನವೇ ಮೇಲು. ಅವರ ತಟ್ಟೆಯಿಂದ ಇನ್ನೇನನ್ನೂ ಕಿತ್ತುಕೊಳ್ಳಬಾರದು.

ಮುದ್ದೆಯನ್ನು ಬೈಯುವ ಮುನ್ನ ಅದರ ಜತೆಗಿನ ಸಾರನ್ನು ನೋಡಿ. ಅವರೆ, ಹುರುಳಿ, ಅಲಸಂದೆ ಕಾಳುಗಳಲ್ಲಿ ನಮ್ಮ ಸಣ್ಣ ಕರುಳು ಒಡೆಯಲಾರದ ಸಕ್ಕರೆಗಳಿವೆ. ಅವು ದೊಡ್ಡ ಕರುಳಿಗೆ ಇಳಿದು ಅಲ್ಲಿ ಹುದುಗಿ ಗಾಳಿಯಾಗುತ್ತವೆ. ಅವು ನೀರಲ್ಲಿ ಕರಗುವಂಥವು. ರಾತ್ರಿ ನೆನೆಸಿದ ನೀರನ್ನೂ, ಬೇಯಿಸಿದ ನೀರನ್ನೂ ಬಸಿದು ಚೆಲ್ಲಿದರೆ ಸಾಕಷ್ಟು ಕಡಿಮೆಯಾಗುತ್ತವೆ. ನಾವು ಮಾಡುವುದೇನು? ಬಸ್ಸಾರಿನಲ್ಲಿ ಆ ಬಸಿದ ಕಟ್ಟಿಗೇ ಖಾರ ಬೆರೆಸಿ ಒಗ್ಗರಣೆ ಕೊಡುತ್ತೇವೆ! ಆರು ವಾರ ಬಸ್ಸಾರಿನ ಪಲ್ಯವನ್ನು ಸ್ವಲ್ಪ ತಿಂದು ಸಾರನ್ನು ಮನೆಯವರಿಗೆ ಬಿಡಿ. ಈರುಳ್ಳಿ, ಬೆಳ್ಳುಳ್ಳಿಯ ಸಕ್ಕರೆಯೂ ನೀರಿಗೆ ಬಿಡುತ್ತದೆ, ಎಣ್ಣೆಗೆ ಬಿಡುವುದಿಲ್ಲ. ಆದ್ದರಿಂದ ಬೆಳ್ಳುಳ್ಳಿ ಎಸಳನ್ನು ಇಡಿಯಾಗಿ ಎಣ್ಣೆಯಲ್ಲಿ ಹುರಿದು ತೆಗೆದುಹಾಕಿದರೆ ಘಮ ಉಳಿಯುತ್ತದೆ, ಗಾಳಿ ಉಳಿಯುವುದಿಲ್ಲ.

ಕಾಫಿಯ ವಿಷಯಕ್ಕೆ ಬಂದರೆ, ಅಪರಾಧಿ ಕಾಫಿಯೊಂದೇ ಅಲ್ಲ, ಹಾಲಿದೆ, ಚಿಕೋರಿಯೂ ಇದೆ. ಚಿಕೋರಿ ಬೇರಿನಲ್ಲಿ ಇನುಲಿನ್ ಎಂಬ, ಈರುಳ್ಳಿಯ ಜಾತಿಯದೇ ಸಕ್ಕರೆ ತುಂಬಿದೆ. ಕಾನೂನು ಪ್ರಕಾರ ಪುಡಿಯಲ್ಲಿ ನೂರಕ್ಕೆ 49 ಭಾಗದವರೆಗೆ ಚಿಕೋರಿ ಇರಬಹುದು, ಪೊಟ್ಟಣದ ಮೇಲೆ ಬರೆದಿರುತ್ತದೆ. ಎರಡು ವಾರ ಪೂರ್ತಿ ಕಾಫಿಬೀಜದ ಪುಡಿ ಹಾಕಿಸಿಕೊಂಡು, ದಿನಕ್ಕೆ ಒಂದೇ ಲೋಟ ಕುಡಿದು ನೋಡಿ. ಆಮೇಲೂ ಹೊಟ್ಟೆ ನುಲಿದರೆ ಆಗ ಕಾಫಿಯನ್ನು ದೂರೋಣ.

ಪ್ರಶ್ನೆ: ಹತ್ತು ವರ್ಷದ ಮಗಳಿಗೆ ಸ್ಕೂಲಿನ ದಿನ ಬೆಳಿಗ್ಗೆ ಹೊಟ್ಟೆನೋವು, ಭಾನುವಾರ ಇಲ್ಲ. ನಾಟಕ ಅನ್ನುತ್ತಾರೆ ಅವರಪ್ಪ. — ಶ್ರೀರಂಗಪಟ್ಟಣ

ಉತ್ತರ: ನಾಟಕವಲ್ಲ. ಮಕ್ಕಳ ವೈದ್ಯರಿಗೆ ಒಮ್ಮೆ ತೋರಿಸಿ, ತೂಕ-ಎತ್ತರ ಸರಿಯಾಗಿ ಏರುತ್ತಿದೆಯೇ ನೋಡಿಸಿ. ಶಾಲೆಯ ಟಾಯ್ಲೆಟ್ ಹೇಗಿದೆ, ಯಾರಾದರೂ ಗೋಳುಹೊಯ್ದುಕೊಳ್ಳುತ್ತಾರೆಯೇ ಎಂದು ಅವಳನ್ನೇ ಕೇಳಿ. ಮಕ್ಕಳು ಕಲ್ಪನೆಯಲ್ಲಿ ದೊಡ್ಡವರಿಗಿಂತ ಬೇಗ ಮುಳುಗುತ್ತಾರೆ, ಅದಕ್ಕೇ ಇದು ಅವರಿಗೆ ಚೆನ್ನಾಗಿ ಹತ್ತುತ್ತದೆ. ನೆದರ್ಲೆಂಡ್ಸ್‌ನಲ್ಲಿ 53 ಮಕ್ಕಳ ಮೇಲೆ ನಡೆದು 2007ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಒಂದು ವರ್ಷದ ನಂತರ ಸಮ್ಮೋಹನ ಪಡೆದವರಲ್ಲಿ ನೂರಕ್ಕೆ 85 ಮಕ್ಕಳು ನೋವಿನಿಂದ ಹೊರಬಂದಿದ್ದರು, ಸಾಮಾನ್ಯ ಚಿಕಿತ್ಸೆಯವರಲ್ಲಿ 25. ಮನೆಯಲ್ಲಿ ಸಿ.ಡಿ. ಕೇಳಿ ಅಭ್ಯಾಸ ಮಾಡಿದ ಮಕ್ಕಳೂ ವರ್ಷದ ಕೊನೆಗೆ ಹಿಂದೆ ಬೀಳಲಿಲ್ಲವೆಂದು 2017ರಲ್ಲಿ ಅಲ್ಲಿಯವರೇ ಕಂಡುಕೊಂಡರು. ನೋವೆಂದ ದಿನ ಮನೆಯಲ್ಲಿ ಉಳಿಸಿಕೊಂಡು ಟಿವಿ ಹಾಕಿಕೊಡಬೇಡಿ, ಬೈದು ಅಟ್ಟಲೂ ಬೇಡಿ. ಹತ್ತು ನಿಮಿಷ ಹೊಟ್ಟೆಯ ಮೇಲೆ ಅವಳ ಕೈ, ಅದರ ಮೇಲೆ ನಿಮ್ಮ ಕೈ ಇಟ್ಟು, ಆಮೇಲೆ ತಡವಾದರೂ ಶಾಲೆಗೆ ಕಳಿಸಿ. ಅವರಪ್ಪನೇ ಬಿಟ್ಟುಬರಲಿ.

ಪ್ರಶ್ನೆ: ಸಮ್ಮೋಹನ ಶುರುಮಾಡಿದ ದಿನದಿಂದ ಮಾತ್ರೆ ನಿಲ್ಲಿಸಬಹುದೇ? — ಮಳವಳ್ಳಿ

ಉತ್ತರ: ಬೇಡ. ಕರುಳಿನ ಸೆಳೆತಕ್ಕೆ ಕೊಡುವ ಮೆಬೆವೆರಿನ್ ತೆಗೆದುಕೊಳ್ಳುತ್ತಿದ್ದರೆ ಊಟಕ್ಕೆ 20 ನಿಮಿಷ ಮುಂಚೆ ಎಂಬ ನಿಯಮ ಹಾಗೇ ಇರಲಿ, ಇಸಬ್ಗೋಲ್‌ಗೆ ಒಂದು ಲೋಟ ತುಂಬ ನೀರು. ರಾತ್ರಿಯ 10 ಮಿಲಿಗ್ರಾಂ ಅಮಿಟ್ರಿಪ್ಟಿಲಿನ್ ಚೀಟಿಯಲ್ಲಿದ್ದರೆ, ಮೆಡಿಕಲ್ ಶಾಪಿನವರು 'ಇದು ಮನೋರೋಗದ ಮಾತ್ರೆ' ಎಂದರೂ ಬೆಚ್ಚಬೇಡಿ. ಅಷ್ಟು ಕಡಿಮೆ ಅಳತೆಯಲ್ಲಿ ಕೊಡುವುದು ಕರುಳಿನ ನರದ ನೋವಿಗೆ. ನೋಟ್‌ಬುಕ್ಕಿನ ಸರಾಸರಿ ಸತತ ನಾಲ್ಕು ವಾರ ಇಳಿದಿದ್ದರೆ ಅದನ್ನು ಹಿಡಿದುಕೊಂಡು ಡಾಕ್ಟರ ಹತ್ತಿರ ಹೋಗಿ. ಯಾವುದನ್ನು ಮೊದಲು, ಎಷ್ಟೆಷ್ಟು ಇಳಿಸುವುದು ಎಂದು ಅವರು ಬರೆದುಕೊಡಲಿ. ಆಡಿಯೊ ಅಭ್ಯಾಸವನ್ನು ಮಾತ್ರ ಮಾತ್ರೆ ನಿಂತ ಮೇಲೂ ಮೂರು ತಿಂಗಳು ಬಿಡಬೇಡಿ. ಆಮೇಲೆ ವಾರಕ್ಕೆರಡು ಸಲ ಸಾಕು, ಪರೀಕ್ಷೆ, ಮದುವೆ, ಕಬ್ಬಿನ ಕಟಾವಿನಂಥ ಓಡಾಟದ ಹೊತ್ತಲ್ಲಿ ಮತ್ತೆ ದಿನಾ.